ಮರೆಗುಳಿ ಸರ್ವರು ಮತ್ತು ಗುರುತಿನ ಬಿಲ್ಲೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತನಿಗೆ ಪಹಣಿಯ ಬೆಲೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಬೆಳೆಸಾಲಕ್ಕೂ ಅದೇ, ವ್ಯಾಜ್ಯಕ್ಕೂ ಅದೇ. ‘ಭೂಮಿ’ ಯೋಜನೆಯ ಮೂಲಕ 2002ರ ಹೊತ್ತಿಗೆ ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ಪಹಣಿಯನ್ನು ಯಾರು ಬೇಕಾದರೂ ನೋಡಬಹುದು. ಖಾತೆಯನ್ನು ಬದಲಿಸುವ ಅಧಿಕಾರವಾದರೋ ನಿಯುಕ್ತರಾದ ನೌಕರರಿಗೆ ಮಾತ್ರ. ಆದುದರಿಂದಲೇ ತಾಲ್ಲೂಕು ಕಚೇರಿಯ ಯಂತ್ರಗಳು ಅವರ ಬೆರಳಚ್ಚನ್ನು ಕೇಳುವಂತೆ ಏರ್ಪಡಿಸಲಾಯಿತು. ಬಂದವರು ಯಾರು, ಅವರು ಏನು ಮಾಡಬಹುದು ಎಂಬಿವು ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ವಾಚಕರು ಗಮನಿಸಬೇಕು.

ಅಂತರಜಾಲದಲ್ಲಿ ಮೊದಲನೆಯ ಪ್ರಶ್ನೆಯೇ ತೊಡಕಿನದು. ಜಾಲತಾಣವನ್ನು ನಡೆಸುವ ಸರ್ವರು ಸ್ವಭಾವತಃ ಮರೆಗುಳಿ. ಒಂದು ಪುಟವನ್ನು ಕಳುಹಿಸಿದೊಡನೆ ಕೇಳಿದವರಾರೆಂಬುದು ಅದಕ್ಕೆ ನೆನಪಿರದು. ಹಾಗಾದರೆ ಪುಟಪುಟಕ್ಕೂ ಗುಪ್ತಪದವನ್ನು ಒಪ್ಪಿಸಬೇಕೇ? 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ ಎಂಬ ತಂತ್ರಜ್ಞರು ಇದಕ್ಕೊಂದು ಉಪಾಯವನ್ನು ಹೂಡಿದರು. ಅದರ ಹೆಸರು ‘ಕುಕಿ’.

ದೊಡ್ಡ ದೇವಾಲಯಗಳ ಮುಂದೆ ಪಾದರಕ್ಷೆ ಕಾಯುವವನು ಯಾತ್ರಿಕರ ಮುಖಗಳನ್ನು ನೆನಪಿಡುವ ಗೋಜಿಗೆ ಹೋಗುವುದಿಲ್ಲ. ಅಂಕೆಯುಳ್ಳ ಬಿಲ್ಲೆಯೊಂದನ್ನು ಕೈಗಿಡುತ್ತಾನೆ. ಕುಕಿಯೂ ಅಂಥ ಬಿಲ್ಲೆಯೇ. ಗುಪ್ತಪದವು ಸರಿಯೆಂದು ಕಂಡೊಡನೆ ಸರ್ವರು ಒಂದು ಸಂಖ್ಯೆಯನ್ನು ಬ್ರೌಸರಿಗೆ ಕೊಟ್ಟು, ‘ಈ ಸಂಖ್ಯೆ ಇಂಥವರದು’ ಎಂದು ತನ್ನ ದಫ್ತರದಲ್ಲಿ ಬರೆದುಕೊಳ್ಳುವುದು. ಬ್ರೌಸರು ಮುಂದಿನ ಪ್ರತಿ ಕೋರಿಕೆಯೊಡನೆ ಅದನ್ನು ತಾನಾಗಿಯೇ ತೋರಿಸುವುದು.

ದೇವಾಲಯದ ಬಿಲ್ಲೆಯಲ್ಲಿ 45 ಇದ್ದರೆ ಮುಂದಿನದು 46 ಎಂದು ಮಗುವೂ ಊಹಿಸೀತು. ಕುಕಿಯ ಸಂಖ್ಯೆ ಹಾಗಿರಕೂಡದು. 128 ಬಿಟ್ಟುಗಳ ಯಾದೃಚ್ಛಿಕ ಸಂಖ್ಯೆಯನ್ನು ದಶಮಾನದಲ್ಲಿ ಬರೆದರೆ 39 ಅಂಕಿಗಳವರೆಗೆ ಬೆಳೆಯುವುದು. ಅದನ್ನು ಊಹಿಸಿ ಹಿಡಿಯುವುದು ಮನುಷ್ಯನಿಗಿರಲಿ, ಯಂತ್ರಕ್ಕೂ ಅಸಾಧ್ಯವೆನ್ನಬಹುದು.

ಇನ್ನು ಎರಡನೆಯ ಪ್ರಶ್ನೆ. ‘ಇವನು ಅಧಿಕಾರಿ’ ಎಂದು ಕುಕಿಯಲ್ಲಿಯೇ ಬರೆದು ನಂಬಿಬಿಡುವ ಸೋಮಾರಿ ತಾಣಗಳೂ ಉಂಟು! ಕುಕಿಯಿರುವುದು ಬಳಕೆದಾರನ ಯಂತ್ರದಲ್ಲಿ. ಅವನು ಅದನ್ನು ತಿದ್ದಲಾರನೇ? ‘ಬದಲಿಸು’ ಎಂಬ ಗುಂಡಿಯನ್ನು ಪುಟದಲ್ಲಿ ಮರೆಮಾಡಿದರೂ ರಕ್ಷಣೆಯಾಗದು. ಯಾರಿಗೆ ಯಾವ ಹಕ್ಕೆಂಬ ಪಟ್ಟಿಯು ಸರ್ವರಿನಲ್ಲಿದ್ದು, ಪ್ರತಿ ಕೋರಿಕೆಯಲ್ಲಿಯೂ ಪರಿಶೀಲನೆ ನಡೆಯಬೇಕು.

ಬಿಲ್ಲೆ ಕಳವಾದರೆ? ಜೇವರ್ಗಿಯ ಅಂಗಡಿಯೊಂದರ ಗಣಕಯಂತ್ರದಲ್ಲಿ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನದ ಅರ್ಜಿ ತುಂಬಿ, ಕಿಟಕಿಯನ್ನು ಮುಚ್ಚಿ ಎದ್ದಳೆನ್ನಿ. ಕುಕಿ ಅಲ್ಲಿಯೇ ಉಳಿದಿರಬಹುದು. ಮುಂದೆ ಕುಳಿತವನನ್ನು ಸರ್ವರು ಅವಳೆಂದೇ ತಿಳಿದು ಬ್ಯಾಂಕ್ ಖಾತೆಯ ವಿವರವನ್ನೂ ತೋರಿಸೀತು. ‘ಲಾಗ್ ಔಟ್’ ಒತ್ತಿದರೆ, ಸರಿಯಾಗಿ ರಚಿಸಿದ ಸರ್ವರು ತನ್ನ ದಫ್ತರದಿಂದ ಆ ಸಂಖ್ಯೆಯನ್ನೇ ಅಳಿಸಿಹಾಕುವುದು. ಆಮೇಲೆ ಬಿಲ್ಲೆ ಯಾರ ಕೈಯಲ್ಲಿದ್ದರೂ ಬಾಗಿಲು ತೆರೆಯದು.