ಜೂಜುಕೋರ ಕಟ್ಟಿದ ಶುಶ್ರೂಷೆಯ ಪಡೆ

ಆರೂವರೆ ಅಡಿಯ ಆಳು. ಕಸುಬು ಕೂಲಿ ಸೈನಿಕನದು, ಚಟ ಜೂಜಿನದು. ನೇಪಲ್ಸ್‌ನ ಬೀದಿಯಲ್ಲಿ ಮೈಮೇಲಿನ ಅಂಗಿಯನ್ನೂ ಪಣಕ್ಕಿಟ್ಟು ಸೋತನೆಂದು ಕಥೆ. ಕಾಲಲ್ಲಿ ಸಾಯುವತನಕ ಮಾಯದ ಹುಣ್ಣು. ಇಟಲಿಯ ಈ ಕಮಿಲ್ಲಸ್ ಡಿ ಲೆಲ್ಲಿಸ್ (1550–1614) ಇಂದು ಕ್ಯಾಥೊಲಿಕರಿಗೆ ರೋಗಿಗಳ, ನರ್ಸ್‌ಗಳ ಪಾಲಕ ಸಂತ.

ರೋಮಿನ ಸ್ಯಾನ್ ಜಾಕೊಮೊ ಆಸ್ಪತ್ರೆ ಅವನ ಹುಣ್ಣಿಗೆ ಮದ್ದು ಕೊಟ್ಟಿತು, ಹೊಟ್ಟೆಪಾಡಿಗೆ ಕೆಲಸವನ್ನೂ ಕೊಟ್ಟಿತು. ಇಸ್ಪೀಟಿನ ಹುಚ್ಚು ತಾಳಲಾರದೆ ಹೊರಗೂ ಹಾಕಿತು. 1575ರಲ್ಲಿ ಮನಸ್ಸು ತಿರುಗಿತು. ಸನ್ಯಾಸಿಯಾಗಲು ಹೊರಟರೆ ಅದೇ ಹುಣ್ಣು ಅಡ್ಡ ಬಂತು. ಮತ್ತೆ ಅದೇ ಆಸ್ಪತ್ರೆಗೆ ಬಂದವನು ಅಲ್ಲಿಯ ಮೇಲ್ವಿಚಾರಕನೇ ಆದ.

ಆಗ ಯುರೋಪಿನ ಆಸ್ಪತ್ರೆಯೆಂದರೆ ಬಹುಪಾಲು ಚರ್ಚಿನ ನೆರಳಿನ ಧರ್ಮಛತ್ರ. ಬಡವರು ಬಂದು ಮಲಗುತ್ತಿದ್ದರು; ನೋಡಿಕೊಳ್ಳಲು ಮನಸ್ಸಿಲ್ಲದ ಸಂಬಳದ ಆಳುಗಳು. ಕಮಿಲ್ಲಸ್ ಸಂಬಳ ಬೇಡದ ಜೊತೆಗಾರರನ್ನು ಕೂಡಿಸಿದರು. ಹಾಸಿಗೆ ಹಾಸುವುದು, ತುತ್ತಿಡುವುದು, ಪ್ರಾಣ ಬಿಡುವವರ ಪಕ್ಕ ಕೂರುವುದು ಅವರ ಪಾಲಿನ ಪೂಜೆ. ತಾಯಿ ತನ್ನ ಒಂದೇ ಮಗುವಿನ ಕಾಯಿಲೆಯಲ್ಲಿ ತೋರುವ ಅಕ್ಕರೆ ಇರಬೇಕೆಂಬುದು ನಿಯಮ.

1586ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಪಡೆಗೆ ಮನ್ನಣೆ ಕೊಟ್ಟು, ಕಪ್ಪು ನಿಲುವಂಗಿಯ ಎದೆಗೆ ಕೆಂಪು ಶಿಲುಬೆ ಧರಿಸಲು ಒಪ್ಪಿದರು. ಜಿನೀವಾದ ರೆಡ್‌ಕ್ರಾಸ್ ಹುಟ್ಟಲು ಇನ್ನೂ 277 ವರ್ಷವಿತ್ತು. ಸನ್ಯಾಸಿಗಳ ಎಂದಿನ ಮೂರು ಪ್ರತಿಜ್ಞೆಗಳ ಜೊತೆಗೆ, ಪ್ರಾಣಾಪಾಯವಿದ್ದರೂ ರೋಗಿಯನ್ನು ಬಿಡೆವೆಂಬುದು ಇವರ ನಾಲ್ಕನೇ ಪ್ರತಿಜ್ಞೆ. 1598ರ ಡಿಸೆಂಬರ್‌ನಲ್ಲಿ ಟೈಬರ್ ನದಿ ಉಕ್ಕಿ ಸಾಂತೊ ಸ್ಪಿರಿತೊ ಆಸ್ಪತ್ರೆಗೆ ನುಗ್ಗಿದಾಗ ಕಮಿಲ್ಲಸ್ ಕುಂಟುಗಾಲಲ್ಲೇ ರೋಗಿಗಳನ್ನು ಎತ್ತಿ ಮಹಡಿಗೆ ಸಾಗಿಸಿದರು.

ಮುಂದಿನದು ಹಲವರ ಕಥೆ. 1633ರಲ್ಲಿ ಪ್ಯಾರಿಸ್‌ನಲ್ಲಿ ವಿನ್ಸೆಂಟ್ ಡಿ ಪಾಲ್ ಮತ್ತು ಲೂಯಿಸ್ ಡಿ ಮರಿಯಾಕ್ ಕಟ್ಟಿದ ಸೋದರಿಯರ ಬಳಗ ಕಾನ್ವೆಂಟಿನ ಗೋಡೆ ದಾಟಿ ಬಡವರ ಮನೆಬಾಗಿಲಿಗೆ ಹೋಯಿತು. 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನಲ್ಲಿ ಪಾದ್ರಿ ಫ್ಲೀಡ್ನರ್ ಪ್ರೊಟೆಸ್ಟೆಂಟ್ ಸೇವಿಕೆಯರಿಗೆ ಶಾಲೆ ತೆರೆದರು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಕಲಿತದ್ದು ಅಲ್ಲೇ. ಕಮಿಲ್ಲಸ್ ಪರಂಪರೆಯ ಪಾದ್ರಿಗಳು ನಮ್ಮ ಬೆಂಗಳೂರಿಗೂ ಬಂದಿದ್ದಾರೆ. ಸರ್ಜಾಪುರ ರಸ್ತೆಯ ಕಡೆ ‘ಸ್ನೇಹದಾನ್’ನಲ್ಲಿ ಎಚ್‌ಐವಿ ಬಾಧಿತರ ಆರೈಕೆ ಮಾಡುತ್ತಾರೆ.

ಪ್ರಾರ್ಥನೆಯ ಮನೆಯಿಂದ ಹೊರಟ ಶುಶ್ರೂಷೆ ಇಂದು ಓದು, ತರಬೇತಿ, ಹಕ್ಕುಗಳಿರುವ ವೃತ್ತಿ. ಆಗಬೇಕಾದದ್ದೇ. ಆದರೆ ಸಂಬಳದ ಮಾತು ಬಂದಾಗ ಮಾತ್ರ ಆಡಳಿತಗಳಿಗೆ ‘ಇದು ಸೇವೆಯಲ್ಲವೇ’ ಎಂಬುದು ನೆನಪಾಗುತ್ತದೆ. ಒಬ್ಬ ನರ್ಸ್‌ಗೆ ಎಷ್ಟು ಹಾಸಿಗೆ ಎಂದು ಕೇಳಿದರೆ ಮರೆತುಹೋಗುತ್ತದೆ. ತುತ್ತಿಡಲು, ಪಕ್ಕದಲ್ಲಿ ಕೂರಲು ಬೇಕಾದದ್ದು ಪುರುಸೊತ್ತು. ಅದನ್ನು ಯಾವ ಪ್ರತಿಜ್ಞೆಯೂ ತಂದುಕೊಡದು. ಪಾಳಿಗೆ ಇನ್ನೊಬ್ಬರನ್ನು ನೇಮಿಸಿದರೆ ಸಿಕ್ಕೀತು.