ಗಿರಣಿಗೆ ಸೋಲಾರ್: ಫಲಕ ಏರಿಸುವ ಮೊದಲು ಬಿಲ್ಲು ಓದಿ

ನಮ್ಮ ವಿಜಯಪುರ ಜಿಲ್ಲೆಯಲ್ಲಿ ಮಳೆಗೆ ಬರ ಉಂಟು, ಬಿಸಿಲಿಗೆ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ಯಾವ ತಾಲೂಕಿನಲ್ಲೂ ಬಿಸಿಲಿಗಾಗಿ ಮುಗಿಲು ನೋಡಿದವರಿಲ್ಲ. ಜಿಲ್ಲೆಯಲ್ಲಿ ಕರೆಂಟ್ ಹುಟ್ಟುವುದಕ್ಕೂ ಕಮ್ಮಿಯಿಲ್ಲ. ಕೂಡಗಿಯ ಕಲ್ಲಿದ್ದಲು ಸ್ಥಾವರ 2,400 ಮೆಗಾವ್ಯಾಟಿನದು. ಆಲಮಟ್ಟಿಯ ಜಲವಿದ್ಯುತ್ ಘಟಕ 290 ಮೆಗಾವ್ಯಾಟಿನದು. ಆದರೆ ಹಳ್ಳಿಯ ಗಿರಣಿಯವ, ರೊಟ್ಟಿ ಮಾಡಿ ಮಾರುವ ಅಕ್ಕ, ಖಾರ ಕುಟ್ಟಿ ಕೊಡುವವ ತಿಂಗಳ ಕೊನೆಗೆ ಬಿಲ್ಲು ಹಿಡಿದು ಚಿಂತೆ ಮಾಡುವುದು ತಪ್ಪಿಲ್ಲ. ದೀಪದ ಬುಡಕ್ಕೇ ಕತ್ತಲೆ.

ಈಗ ಊರೂರಿಗೆ ಸೋಲಾರ್ ಮಾರುವವರು ಬರುತ್ತಿದ್ದಾರೆ. "ಒಮ್ಮೆ ಹಾಕಿಸ್ರಿ, ಆಮ್ಯಾಲ ಬಿಲ್ಲಿನ ಚಿಂತೀನ ಇಲ್ಲ" ಅಂತಾರೆ. ನಾನೂ ಆ ಮಾತು ನಂಬಿ ಹೊಲದ ದಾರಿಯ ನಮ್ಮ ಗಿರಣಿಗೆ 5 ಕಿಲೋವ್ಯಾಟ್ ಫಲಕ ಹಾಕಿಸಿದವ. ಮೊದಲ ವರ್ಷ ಕೈ ಸುಟ್ಟುಕೊಂಡೆ. ಎರಡನೇ ವರ್ಷ ಸರಿಪಡಿಸಿಕೊಂಡೆ. ತಪ್ಪು ಫಲಕದ್ದಲ್ಲ, ಲೆಕ್ಕದ್ದು. ಹಾಕಿಸಬೇಕೆಂದು ಇರುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಯಾರಿಗೆ ಬೇಕು, ಯಾರಿಗೆ ಬೇಡ?

ಉಳಿತಾಯ ಆಗಬೇಕಾದರೆ ಮೊದಲು ಖರ್ಚು ಇರಬೇಕು. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪಿಗೆ ರೈತ ಬಿಲ್ಲು ಕಟ್ಟುವುದಿಲ್ಲ. ಪಂಪಿಗೆ ಸೋಲಾರ್ ಹಾಕಿಸಿದರೆ ಹಗಲು ನೀರು ಸಿಗುತ್ತದೆ, ರಾತ್ರಿ ಹಾವು-ಚೇಳಿನ ಭಯದಲ್ಲಿ ಹೊಲಕ್ಕೆ ಹೋಗುವುದು ತಪ್ಪುತ್ತದೆ. ಅದು ದೊಡ್ಡ ಲಾಭವೇ, ಆದರೆ ಬಿಲ್ಲಿನ ಲಾಭ ಅಲ್ಲ. ಮನೆಗೆ 2023ರಲ್ಲಿ ಗೃಹಜ್ಯೋತಿ ಬಂತು.

ಹಾಗಾಗಿ ನಮ್ಮಂಥವರಿಗೆ ನಿಜವಾದ ಬಿಲ್ಲು ಉಳಿದಿರುವುದು ಸಣ್ಣ ಉದ್ಯೋಗಕ್ಕೆ. ಹಿಟ್ಟಿನ ಗಿರಣಿ, ಖಾರದ ಯಂತ್ರ, ಶ್ಯಾವಿಗೆ ಯಂತ್ರ, ಎಣ್ಣೆ ಗಾಣ, ಮುದ್ದೇಬಿಹಾಳ ಕಡೆ ತೊಗರಿ ಬೇಳೆ ಮಾಡುವ ಯಂತ್ರ, ಇಂಡಿ ಕಡೆ ಲಿಂಬೆ ಉಪ್ಪಿನಕಾಯಿಯ ಸಣ್ಣ ಘಟಕ, ಬಾಗೇವಾಡಿಯಂಥ ಜಾತ್ರೆಯ ಊರಿನಲ್ಲಿ ರೊಟ್ಟಿ ಕೇಂದ್ರ – ಇವಕ್ಕೆಲ್ಲ ಬಿಲ್ಲು ಬಿಟ್ಟಿಲ್ಲ.

ಇಲ್ಲೇ ಒಂದು ಎಚ್ಚರಿಕೆ. 2024ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಸೂರ್ಯಘರ್ ಯೋಜನೆಯ 78,000 ರೂ.ವರೆಗಿನ ಸಹಾಯಧನ ಮನೆಗಳಿಗೆ ಮಾತ್ರ. ಅದನ್ನು ತೋರಿಸಿ ಯಾರಾದರೂ ಗಿರಣಿಗೆ ಫಲಕ ಮಾರಲು ಬಂದರೆ ನಂಬಬೇಡಿ.

ಮೊದಲ ವರ್ಷ ಆದದ್ದು

ನಮ್ಮ ಗಿರಣಿಯ ಮೋಟರ್ 10 ಎಚ್.ಪಿ.ಯದು. ಅಂದರೆ ಸುಮಾರು ಏಳೂವರೆ ಕಿಲೋವ್ಯಾಟ್. ವರ್ಷದ ಸರಾಸರಿ ತೆಗೆದರೆ ದಿನಕ್ಕೆ ಮೂರೂವರೆ ತಾಸು ಓಡುತ್ತದೆ, 25 ಯೂನಿಟ್ ಆಸುಪಾಸು ಸುಡುತ್ತದೆ. 5 ಕಿಲೋವ್ಯಾಟಿಗೆ ಒಟ್ಟು 2.75 ಲಕ್ಷ ರೂ. ಆಯಿತು. ಅದರಲ್ಲಿ 2 ಲಕ್ಷ ಸಾಲ, ಶೇ. 10ರ ಬಡ್ಡಿ.

ನಮ್ಮ ಸೀಮೆಯಲ್ಲಿ 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್, ವರ್ಷಕ್ಕೆ 1,400 ಯೂನಿಟ್ ಕೊಡುತ್ತದೆಂದು ಹಿಡಿಯಬಹುದು. ಆ ಲೆಕ್ಕದಲ್ಲಿ ನಮಗೆ ದಿನಕ್ಕೆ 20 ಯೂನಿಟ್ ಬರಬೇಕಿತ್ತು. ಆದರೆ ಸಂಜೆ ಇನ್ವರ್ಟರಿನ ಪರದೆ ನೋಡಿದರೆ 8 ಯೂನಿಟ್! ಫಲಕವೇ ಕೆಟ್ಟಿದೆ ಅಂದುಕೊಂಡೆ. ತೊಳೆದೆ, ಒರೆಸಿದೆ, ಮಾರಿದವರ ಜತೆ ಜಗಳವಾಡಿದೆ. ಎಂಟು ಎಂಟೇ ಇತ್ತು.

ಕೊನೆಗೆ ವೈರಿಂಗ್ ಕೆಲಸದ ಒಬ್ಬ ಹುಡುಗ ಬಂದು ನೋಡಿ ಒಂದೇ ಪ್ರಶ್ನೆ ಕೇಳಿದ: "ಕಾಕಾ, ಗಿರಣಿ ಯಾವಾಗ ಓಡಸ್ತೀರಿ?"

ಬೆಳಿಗ್ಗೆ ಎರಡು ತಾಸು, ಉಳಿದದ್ದು ಸಂಜೆ ಆರರ ಮೇಲೆ. ಹೊಲದ ಕೆಲಸ ಮುಗಿಸಿ ಹೆಣ್ಣುಮಕ್ಕಳು ಜೋಳದ ಡಬ್ಬಿ ತರುವುದೇ ಆಗ. ಮಧ್ಯಾಹ್ನ ಬಿಸಿಲು ಧಗಧಗ ಅನ್ನುವಾಗ ಗಿರಣಿಗೆ ಬೀಗ!

ನಮಗೆ ಹಾಕಿದ ವ್ಯವಸ್ಥೆಯಲ್ಲಿ ಹೆಚ್ಚಾದ ಕರೆಂಟ್ ಹೊರಗಿನ ಲೈನಿಗೆ ಹೋಗದಂತೆ ತಡೆ ಇತ್ತು. ನೆಟ್ ಮೀಟರಿನ ಕಾಗದಪತ್ರ "ಆಮೇಲೆ ಮಾಡಿಸೋಣ" ಅಂದಿದ್ದರು ಮಾರಿದವರು. ಮೀಟರ್ ಇಲ್ಲ, ಮೋಟರ್ ಓಡುವುದಿಲ್ಲ. ಫಲಕ ಯಾರಿಗೆ ಕರೆಂಟ್ ಕೊಡಬೇಕು? ಬಳಸುವವರಿಲ್ಲದಿದ್ದರೆ ಇನ್ವರ್ಟರ್ ಉತ್ಪಾದನೆಯನ್ನೇ ತಗ್ಗಿಸುತ್ತದೆ. ಕರೆಯುವ ಎಮ್ಮೆಯನ್ನು ಕರೆಯದೆ ಬಿಟ್ಟ ಹಾಗೆ.

ಈಗ ಲೆಕ್ಕ ನೋಡಿ. ದಿನಕ್ಕೆ 8 ಯೂನಿಟ್, ವರ್ಷಕ್ಕೆ 300 ದಿನ, ಒಟ್ಟು 2,400 ಯೂನಿಟ್. ಯೂನಿಟ್‌ಗೆ 6 ರೂ. ಹಿಡಿದರೆ 14,400 ರೂ. ಉಳಿತಾಯ. ಬಡ್ಡಿಯೇ 20,000 ರೂ. ಸೋಲಾರ್ ಹಾಕಿಸಿದ ಮೇಲೆ ಬಿಲ್ಲು ಇಳಿಯಿತು, ಆದರೆ ವರ್ಷಕ್ಕೆ 5,600 ರೂ. ಕೈಯಿಂದ ಹೋಯಿತು. ಅಸಲಿನ ಮಾತು ಬೇರೆ. ಆ ವರ್ಷ ತೊಗರಿಯೂ ಕೈಕೊಟ್ಟಿತ್ತು. ಕಂತು ಕಟ್ಟಲು ಎರಡು ಹೋರಿ ಮಾರಿದೆ.

ಗಿರಾಕಿಗಳ ಹೊತ್ತು ಬದಲಿಸಿದೆವು

ಫಲಕ ನಮ್ಮ ಹೊತ್ತಿಗೆ ಬರುವುದಿಲ್ಲ, ನಾವೇ ಅದರ ಹೊತ್ತಿಗೆ ಹೋಗಬೇಕು. ಇದನ್ನು ಗಿರಾಕಿಗಳಿಗೆ ಹೇಳುವುದು ಸುಲಭವಿರಲಿಲ್ಲ. "ಹೊಲಾ ಬಿಟ್ಟು ಹಗಲಿ ಯಾರ್ ಬರತಾರೋ ತಮ್ಮಾ?" ಅಂದರು ಹಿರಿಯಕ್ಕ ಒಬ್ಬರು. ನ್ಯಾಯದ ಮಾತೇ.

ಒಂದು ದಾರಿ ಹುಡುಕಿದೆವು. ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಡಬ್ಬಿ ಇಟ್ಟು ಹೋಗುವುದು, ಸಂಜೆ ಬರುವಾಗ ಹಿಟ್ಟು ಒಯ್ಯುವುದು. ಡಬ್ಬಿಗೆ ಹೆಸರು, ತೂಕ ಬರೆದ ಚೀಟಿ. ಮೊದಲು ಹಿಟ್ಟು ಅದಲುಬದಲಾದೀತು ಅನ್ನುವ ಸಂಶಯ ಇತ್ತು. ಕಣ್ಣೆದುರೇ ತೂಗಿ ಚೀಟಿ ಕೊಡತೊಡಗಿದ ಮೇಲೆ ಅದು ಹೋಯಿತು. ಸಂಜೆ ಸರದಿ ನಿಲ್ಲುವುದು ತಪ್ಪಿದ್ದರಿಂದ ಅವರಿಗೂ ಅನುಕೂಲವೇ ಆಯಿತು. ಆರು ತಿಂಗಳಲ್ಲಿ ಮುಕ್ಕಾಲು ಪಾಲು ಕೆಲಸ ಬೆಳಿಗ್ಗೆ ಹತ್ತರಿಂದ ಮೂರರೊಳಗೆ ಬಂತು, ಮುಂದೆ ಹೆಚ್ಚುಕಮ್ಮಿ ಎಲ್ಲವೂ ಬಂತು.

ಬೇಸಿಗೆ ನಮಗೆ ಅನುಕೂಲ. ಖಾರ ಕುಟ್ಟಿಸುವುದು, ಶ್ಯಾವಿಗೆ ಮಾಡಿಸುವುದು ಮಾರ್ಚಿಯಿಂದ ಮೇವರೆಗೆ. ಬಿಸಿಲು ಜೋರಾಗಿರುವುದೂ ಆಗಲೇ.

ಇನ್ವರ್ಟರಿನ ಪರದೆ ಈಗ 14-15 ಯೂನಿಟ್ ತೋರಿಸುತ್ತದೆ. 20 ಯಾಕಿಲ್ಲ? ಮೋಟರ್ ಏಳೂವರೆ ಕಿಲೋವ್ಯಾಟ್ ಎಳೆಯುತ್ತದೆ, ಫಲಕ ಒಳ್ಳೆಯ ಬಿಸಿಲಿನಲ್ಲಿ ಕೊಡುವುದು 4 ಕಿಲೋವ್ಯಾಟ್. ಉಳಿದದ್ದು ಲೈನಿನಿಂದಲೇ ಬರಬೇಕು. ಮೂರೂವರೆ ತಾಸಿಗೆ ನಾಲ್ಕರಂತೆ ಹದಿನಾಲ್ಕೇ ಆಗುತ್ತದೆ.

ಈ ಪಾಠ ಮೊದಲೇ ತಿಳಿದಿದ್ದರೆ 10 ಎಚ್.ಪಿ. ಮೋಟರಿಗೆ ಸೋಲಾರ್ ಹಾಕಿಸುತ್ತಲೇ ಇರಲಿಲ್ಲ. 5 ಎಚ್.ಪಿ.ಯ ಚಿಕ್ಕ ಗಿರಣಿ ಕೂರಿಸಿ, ಏಳು ತಾಸು ನಿಧಾನಕ್ಕೆ ಓಡಿಸುತ್ತಿದ್ದೆ. ಅದು ಎಳೆಯುವುದು 3.7 ಕಿಲೋವ್ಯಾಟ್, ನಡುಹಗಲಿನಲ್ಲಿ ಬಹುಪಾಲು ಬಿಸಿಲಿನ ಮೇಲೆಯೇ ಓಡುತ್ತಿತ್ತು. ಸೋಲಾರಿಗೆ ದೊಡ್ಡ ಯಂತ್ರ ಸ್ವಲ್ಪ ಹೊತ್ತು ಓಡಿಸುವುದಕ್ಕಿಂತ ಸಣ್ಣ ಯಂತ್ರ ಬಹಳ ಹೊತ್ತು ಓಡಿಸುವುದು ಲೇಸು.

1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆ ಹಿಡಿದ ದಾರಿಯೂ ಇದೇ. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮನೆದೀಪದಿಂದ ಆರಂಭಿಸಿ ಈಗ ರೊಟ್ಟಿ ಯಂತ್ರ, ಹೊಲಿಗೆ ಯಂತ್ರ, ಸಣ್ಣ ಗಿರಣಿಗಳಿಗೂ ಸೋಲಾರ್ ಒದಗಿಸುತ್ತಾರೆ. ಮೊದಲು ಕಡಿಮೆ ಕರೆಂಟ್ ತಿನ್ನುವ ಯಂತ್ರ, ಆಮೇಲೆ ಅದಕ್ಕೆ ತಕ್ಕ ಫಲಕ – ಈ ಕ್ರಮ ನೆನಪಿಡಿ.

ನೆಟ್ ಮೀಟರ್: ಬಾಯಿಮಾತು ಸಾಲದು

ನೆಟ್ ಮೀಟರ್ ಇದ್ದರೆ ನಾವು ಬಳಸದ ಯೂನಿಟ್ ಲೈನಿಗೆ ಹೋಗುತ್ತದೆ, ಬಳಸಿದ್ದರಲ್ಲಿ ಕಳೆದು ಬಿಲ್ಲು ಬರುತ್ತದೆ. ಆಗ 5 ಕಿಲೋವ್ಯಾಟಿನ 7,000 ಯೂನಿಟ್ ಪೂರಾ ಲೆಕ್ಕಕ್ಕೆ ಸಿಗುತ್ತದೆ: 6 ರೂ.ನಂತೆ 42,000. ಆರೂವರೆ ವರ್ಷಕ್ಕೆ ಹಾಕಿದ ದುಡ್ಡು ಬಂದಂತೆ, ಬಡ್ಡಿ ಬೇರೆ. ಆದ್ದರಿಂದ ಫಲಕ ಕೊಳ್ಳುವ ಮೊದಲೇ ಹೆಸ್ಕಾಂ ಕಚೇರಿಗೆ ಹೋಗಿ ಕೇಳಬೇಕಾದದ್ದು ಮೂರು: ನನ್ನ ವರ್ಗದ ಮೀಟರಿಗೆ ಈ ಸೌಲಭ್ಯ ಉಂಟೇ? ನನ್ನ ಮಂಜೂರಾದ ಲೋಡಿಗೆ ಎಷ್ಟು ಕಿಲೋವ್ಯಾಟ್ ಹಾಕಬಹುದು? ಬಳಸಿ ಮಿಕ್ಕ ಯೂನಿಟ್‌ಗೆ ಏನು ದರ? ಉತ್ತರ ಕಾಗದದ ಮೇಲೆ ಪಡೆಯಿರಿ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ಆರು ಮಂದಿ ರೈತರು ಸಹಕಾರ ಸಂಘ ಮಾಡಿಕೊಂಡು ಸೋಲಾರ್ ಪಂಪಿನ ಹೆಚ್ಚಿನ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರತೊಡಗಿದರು. ಅವರ ಗಟ್ಟಿತನ ಫಲಕದಲ್ಲಿ ಮಾತ್ರ ಇರಲಿಲ್ಲ, ಕಂಪನಿಯ ಜತೆ ಮಾಡಿಕೊಂಡ 25 ವರ್ಷದ ಬರಹದ ಒಪ್ಪಂದದಲ್ಲಿತ್ತು.

ಇನ್ನೊಂದು ಮಾತು. ಬಿಲ್ಲಿನಲ್ಲಿ ಎರಡು ಭಾಗ ಇರುತ್ತದೆ. ಒಂದು ಎಚ್.ಪಿ. ಲೆಕ್ಕದ ಸ್ಥಿರ ಶುಲ್ಕ, ಇನ್ನೊಂದು ಬಳಸಿದ ಯೂನಿಟ್‌ನದು. ಸೋಲಾರ್ ಇಳಿಸುವುದು ಎರಡನೆಯದನ್ನು ಮಾತ್ರ. "ಬಿಲ್ಲು ಸೊನ್ನೆ" ಅನ್ನುವವರಿಗೆ ನಿಮ್ಮ ಬಿಲ್ಲಿನ ಸ್ಥಿರ ಶುಲ್ಕ ತೋರಿಸಿ, ಇದು ಹೇಗೆ ಸೊನ್ನೆಯಾಗುತ್ತದೆಂದು ಕೇಳಿ.

ಲೈಟ್ ಹೋದರೆ?

ಬಹಳ ಜನ ಮೋಸ ಹೋಗುವುದು ಇಲ್ಲೇ. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸೋಲಾರ್ ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ, ಬಿಸಿಲು ಎಷ್ಟೇ ಇರಲಿ. ಇದು ದೋಷವಲ್ಲ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ನ ಜೀವ ಕಾಯಲು ಮಾಡಿದ ವ್ಯವಸ್ಥೆ. ಲೈಟ್ ಹೋದಾಗಲೂ ಓಡಬೇಕೆಂದರೆ ಬೇರೆ ಬಗೆಯ ಇನ್ವರ್ಟರ್, ಬ್ಯಾಟರಿ ಬೇಕು. ದೊಡ್ಡ ಮೋಟರನ್ನು ಬ್ಯಾಟರಿಯ ಮೇಲೆ ಓಡಿಸುವ ಖರ್ಚು ಹಳ್ಳಿಯ ಗಿರಣಿಗೆ ಗಿಟ್ಟುವುದಿಲ್ಲ. ಮೋಟರ್ ಚಾಲೂ ಆಗುವಾಗ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ರೊಟ್ಟಿ ಯಂತ್ರದಂಥ ಸಣ್ಣ ಮೋಟರಿಗಾದರೆ ಬ್ಯಾಟರಿಯ ವಿಚಾರ ಮಾಡಬಹುದು.

ನಮ್ಮ ನೆಲಕ್ಕೆ ತಕ್ಕ ಜಾಗ್ರತೆ

ಜಾಗ: 1 ಕಿಲೋವ್ಯಾಟಿಗೆ ಸುಮಾರು 100 ಚದರಡಿ, ನೆರಳಿಲ್ಲದ್ದು. ಮುಖ ದಕ್ಷಿಣಕ್ಕೆ, ಓರೆ ಹದಿನೈದು-ಹದಿನೇಳು ಡಿಗ್ರಿ. ಬೇವಿನ ಮರದ ಒಂದು ಟೊಂಗೆಯ ನೆರಳು ಒಂದು ಫಲಕದ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು.

ಬುನಾದಿ: ನಮ್ಮ ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ನೆಲದ ಮೇಲೆ ನಿಲ್ಲಿಸುವುದಾದರೆ ಕಂಬದ ಗುಂಡಿ ಗಟ್ಟಿ ನೆಲ ಸಿಗುವವರೆಗೆ ಹೋಗಬೇಕು. ತಗಡಿನ ಮೇಲೆ ಕೂರಿಸುವುದಾದರೆ ತಗಡಿನ ಕೆಳಗಿನ ಕಬ್ಬಿಣ ಗಟ್ಟಿಯಿದೆಯೇ ನೋಡಿಸಿ. ಬೇಸಿಗೆಯ ಕೊನೆಯ ಬಿರುಗಾಳಿ ಫಲಕವನ್ನು ತಗಡಿನ ಸಮೇತ ಎತ್ತಿಬಿಡುತ್ತದೆ.

ಬಿಸಿ: ಬಿಸಿಲು ಹೆಚ್ಚಿದಷ್ಟೂ ಕರೆಂಟ್ ಹೆಚ್ಚು ಎಂಬುದು ಪೂರಾ ನಿಜವಲ್ಲ. ಫಲಕ 25 ಡಿಗ್ರಿಗಿಂತ ಹೆಚ್ಚು ಕಾದರೆ ಪ್ರತಿ ಡಿಗ್ರಿಗೆ ಶೇ. 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಅಡಿಯಲ್ಲಿ ಗಾಳಿ ಆಡಲು ಜಾಗ ಬಿಡಿಸಿ.

ದೂಳು: ಗಿರಣಿಯ ಹಿಟ್ಟು, ದಾರಿಯ ದೂಳು ಎರಡೂ ಕೂರುತ್ತವೆ. ಹತ್ತು-ಹದಿನೈದು ದಿನಕ್ಕೊಮ್ಮೆ ತೊಳೆಯಿರಿ, ನಸುಕಿನಲ್ಲೇ. ಕಾದ ಗಾಜಿಗೆ ತಣ್ಣೀರು ಹಾಕಬಾರದು. ಸವಳು ನೀರಿನಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ, ಒರೆಸಿಬಿಡಿ.

ಸಿಡಿಲು: ಅರ್ತಿಂಗ್ ಮತ್ತು ಸಿಡಿಲು ತಡೆಯ ಖರ್ಚನ್ನು ಉಳಿಸಲು ಹೋಗಬೇಡಿ.

ಫಲಕಕ್ಕೆ ಸಾಮಾನ್ಯವಾಗಿ 25 ವರ್ಷದ ಭರವಸೆ ಕೊಡುತ್ತಾರೆ. ಇನ್ವರ್ಟರಿಗೆ ಅಷ್ಟು ಆಯುಷ್ಯವಿಲ್ಲ. ನಡುವೆ ಒಮ್ಮೆಯಾದರೂ ಬದಲಿಸುವ ದುಡ್ಡನ್ನು ಲೆಕ್ಕದಲ್ಲಿ ಹಿಡಿಯಿರಿ.

ಹಾಕಿಸುವವರಿಗೆ

ಹನ್ನೆರಡು ತಿಂಗಳ ಬಿಲ್ಲು ಮುಂದಿಟ್ಟುಕೊಳ್ಳಿ. ತಿಂಗಳಿಗೆ ಎಷ್ಟು ಯೂನಿಟ್ ಎಂದು ಬರೆಯಿರಿ. ಒಂದು ವಾರ ಯಂತ್ರ ಯಾವ ತಾಸಿನಲ್ಲಿ ಓಡುತ್ತದೆಂದು ಗೋಡೆಯ ಮೇಲೆ ಗೀಟು ಹಾಕಿ. ಹತ್ತರಿಂದ ನಾಲ್ಕರೊಳಗೆ ಬೀಳುವ ಗೀಟು ಎಷ್ಟೋ ಅಷ್ಟಕ್ಕೆ ಮಾತ್ರ ಫಲಕ ಹಾಕಿಸಿ. ಉಳಿದದ್ದಕ್ಕೆ ನೆಟ್ ಮೀಟರ್ ಕೈಗೆ ಬಂದ ಮೇಲೆ ನೋಡಿದರಾಯಿತು. ವರ್ಷದ ಉಳಿತಾಯ ವರ್ಷದ ಬಡ್ಡಿಗಿಂತ ಹೆಚ್ಚಿಲ್ಲವೆಂದರೆ ಒಂದು ವರ್ಷ ತಡೆಯಿರಿ.

ನನ್ನ ನೆಟ್ ಮೀಟರಿನ ಅರ್ಜಿ ಈಗ ಹೋಗಿದೆ. ಅದು ಬರುವವರೆಗೆ ಹಗಲು ಗಿರಣಿ, ಸಂಜೆ ಹಿಟ್ಟು. ಈ ವರ್ಷ ಉಳಿತಾಯ 26,000 ರೂ. ಆಗಿದೆ, ಬಡ್ಡಿ ಕಳೆದು ಸ್ವಲ್ಪ ಅಸಲಿಗೂ ಹೋಗಿದೆ. ಇನ್ನು ಹೋರಿ ಮಾರುವ ಪ್ರಸಂಗ ಬರಲಿಕ್ಕಿಲ್ಲ.