ಶೀಗಿ ಹುಣ್ಣಿಮೆ: ಬಸುರಿ ಭೂಮಿಗೆ ಉಡಿ

ದೂರದ ಕೊರಿಯಾ ದೇಶದಲ್ಲಿ ‘ಚುಸೊಕ್’ ಎಂಬ ಸುಗ್ಗಿಯ ಹಬ್ಬವುಂಟು. ಅಂದು ಪಟ್ಟಣ ಸೇರಿದವರೆಲ್ಲ ಹಳ್ಳಿಯ ಹಿರಿಯರ ಮನೆಗೆ ಹೊರಡುತ್ತಾರೆ, ಹೆದ್ದಾರಿಗಳಲ್ಲಿ ಗಂಟೆಗಟ್ಟಲೆ ವಾಹನಗಳು ನಿಲ್ಲುತ್ತವೆ. ಅಕ್ಕಿ ಹಿಟ್ಟಿನೊಳಗೆ ಎಳ್ಳು, ಬೇಳೆಯ ಹೂರಣವಿಟ್ಟು, ಅರ್ಧಚಂದ್ರದಂತೆ ಮಡಿಸಿ, ಪೈನ್ ಎಲೆಗಳ ಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಹೂರಣದ ಕಡಬು ಕಂಡವರಿಗೆ ಅದರ ಆಕಾರ ಹೊಸತಲ್ಲ.

ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆಯವರಿಗೆ ಇಂಥ ದಿನವೆಂದರೆ ಶೀಗಿ ಹುಣ್ಣಿಮೆ. ಚುಸೊಕ್ ಸಾಮಾನ್ಯವಾಗಿ ನಮ್ಮ ಭಾದ್ರಪದದ ಹುಣ್ಣಿಮೆಗೆ ಬೀಳುತ್ತದೆ, ಶೀಗಿ ಬರುವುದು ಆಶ್ವಯುಜದಲ್ಲಿ, ಒಂದು ತಿಂಗಳು ತಡವಾಗಿ. ಆದರೆ 2025ರ ಅಕ್ಟೋಬರ್ ಮೊದಲ ವಾರ ಎರಡೂ ಒಂದೇ ಹುಣ್ಣಿಮೆಗೆ ಬಂದವು. ಕಾರಣ ಸರಳ. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನ, ಸೌರವರ್ಷಕ್ಕೆ ಸುಮಾರು 11 ದಿನ ಕಡಿಮೆ. ಆ ಕೊರತೆ ತುಂಬಲು ಅವರೂ ನಾವೂ ಅಧಿಕಮಾಸ ಸೇರಿಸುತ್ತೇವೆ. 2025ರಲ್ಲಿ ಅವರ ಆರನೆಯ ತಿಂಗಳು ಎರಡು ಸಲ ಬಂತು. ನಮ್ಮ ಅಧಿಕಮಾಸ 2026ರ ಜ್ಯೇಷ್ಠದ್ದು.

ಹುಣ್ಣಿಮೆ ಒಂದೇ ಆದರೂ ಎಡೆ ಬೇರೆ. ಅವರು ಹೊಸ ಅಕ್ಕಿಯ ಅಡಿಗೆಯನ್ನು ಗತಿಸಿದ ಹಿರಿಯರ ಮುಂದಿಡುತ್ತಾರೆ. ನಮ್ಮಲ್ಲಿ ಹಿರಿಯರ ಎಡೆ ಮಹಾಲಯದ ಹದಿನೈದು ದಿನಗಳಲ್ಲೇ ಮುಗಿದಿರುತ್ತದೆ. ಶೀಗಿಯ ದಿನ ಉಣ್ಣುವವಳು ಭೂಮಿತಾಯಿ, ಅದೂ ಬಸುರಿ. ಮನೆಯ ಮಗಳಿಗೆ ಕುಬಸ ಮಾಡಿದಂತೆಯೇ ಅವಳಿಗೂ ಸೀರೆ, ಕಣ, ಬಳೆ, ಉಡಿ.

ಆ ಹೊತ್ತಿಗೆ ಹಾನಗಲ್ಲ ಕಡೆ ಕೂರಿಗೆಯಿಂದ ಬಿತ್ತಿದ ಭತ್ತ ಹೊಡೆ ತುಂಬಿಯೋ ತೆನೆ ಹಾಯ್ದೋ ನಿಂತಿರುತ್ತದೆ. ಹೂವಾಡುವಾಗ ಜೋರು ಮಳೆ ಹೊಡೆದರೆ ಪರಾಗ ತೊಳೆದು ಹೋಗಿ ಕಾಳು ಕಟ್ಟದು, ನೀರು ತಪ್ಪಿದರೂ ತೆನೆ ಜೊಳ್ಳೇ. ರೈತನಿಗೆ ಇದು ನಿದ್ದೆ ಬಾರದ ಕಾಲ. ಇನ್ನೂ ಕೈಗೆ ಬಾರದ ಬೆಳೆಯ ಮುಂದೆ, ಆತಂಕ ತೀರುವ ಮೊದಲೇ, ಬಂಧುಬಳಗ ಕೂಡಿ ಉಣ್ಣುವುದು ಈ ಹಬ್ಬದ ವಿಶೇಷ.

ಮನೆಯ ಹೆಣ್ಣುಮಕ್ಕಳಿಗೆ ಹಿಂದಿನ ರಾತ್ರಿ ನಿದ್ದೆಯಿಲ್ಲ. ಕಡಬು, ಹೋಳಿಗೆ, ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಚಿತ್ರಾನ್ನ, ಮೊಸರನ್ನ ಎಲ್ಲವೂ ಬುಟ್ಟಿ ಸೇರಬೇಕು. (ಹಬ್ಬ ಚಂದವೆಂದು ಬರೆಯುವ ನಮ್ಮಂಥ ಗಂಡಸರು ಆ ಒಲೆಯ ಮುಂದೆ ಒಂದು ರಾತ್ರಿ ಕೂತು ನೋಡಬೇಕು.) ಮುಂಜಾನೆ ಚಕ್ಕಡಿ, ಈಗ ಹೆಚ್ಚಾಗಿ ಟ್ರ್ಯಾಕ್ಟರ್, ಹೊಲಕ್ಕೆ ಹೊರಡುತ್ತದೆ. ಬನ್ನಿ ಗಿಡದ ಬುಡದಲ್ಲೋ ಬೆಳೆಯ ನಡುವೆಯೋ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸುತ್ತಾರೆ. ಆಮೇಲೆ ಒಬ್ಬರು ಕೂಗುತ್ತಾ ಹೊಲದ ಸುತ್ತ ಚರಗ ಚೆಲ್ಲಿದರೆ, ಹಿಂದಿನವರು ನೀರು ಚಿಮುಕಿಸುತ್ತಾ ನಡೆಯುತ್ತಾರೆ.

ಚರಗದ ಅನ್ನಕ್ಕೆ ಬಂದ ಹಕ್ಕಿಗಳು ಬೆಳೆಯ ಹುಳು ತಿನ್ನುತ್ತವೆ ಎಂದು ವಿಜ್ಞಾನದ ಸಮರ್ಥನೆ ಕೊಡುವವರಿದ್ದಾರೆ. ವಿಜ್ಞಾನ ಓದಿದ ನಾನು ಅಳೆದು ನೋಡದೆ ಒಪ್ಪಲಾರೆ. ಒಂದು ದಿನದ ಅನ್ನಕ್ಕೆ ಅಷ್ಟು ಶಕ್ತಿಯೇ? ಬಸುರಿಗೆ ಬಯಕೆಯ ಊಟ ಎಂಬ ಕಾರಣವೇ ಸಾಕಲ್ಲವೇ! ಒಮ್ಮೆ ಚಿತ್ರೀಕರಣಕ್ಕೆ ಹೋದಾಗ ಕ್ಯಾಮೆರಾ ಸಿದ್ಧವಾಗುವಷ್ಟರಲ್ಲಿ ಚರಗ ಮುಗಿದಿತ್ತು. ಇನ್ನೊಮ್ಮೆ ಚೆಲ್ಲಿರೆಂದು ಕೇಳಿಕೊಂಡೆ. ಮನೆಯ ಯಜಮಾನರು ಒಪ್ಪಲಿಲ್ಲ. ನಮ್ಮನ್ನೂ ಕೂರಿಸಿ ಉಣ್ಣಿಸಿದರು. ಆ ವರ್ಷ ನಮ್ಮ ಕಾರ್ಯಕ್ರಮದಲ್ಲಿ ಚರಗದ ದೃಶ್ಯವಿರಲಿಲ್ಲ.

ಅದೇ ಹೊಲದಲ್ಲಿ ಇನ್ನೊಂದು ಕಂಡೆ. ಪಾಲಾಗಿ ಹೊಲದ ನಡುವೆ ಬದು ಹಾಕಿಕೊಂಡಿದ್ದ ಅಣ್ಣತಮ್ಮಂದಿರು ಎರಡು ಕಡೆ ಪೂಜೆ ಮಾಡಿದರು, ಬುತ್ತಿ ಬಿಚ್ಚಿದ್ದು ಮಾತ್ರ ಒಂದೇ ಗಿಡದ ಕೆಳಗೆ. ಮಾತು ಕಡಿಮೆ. ಆದರೂ ಅತ್ತಿಗೆಯ ಬುಟ್ಟಿಯ ಹೋಳಿಗೆ ಮೈದುನನ ಮಕ್ಕಳ ಕೈಗೆ ಹೋಗುತ್ತಿತ್ತು.

ಬೆಳೆ ಬದಲಾದದ್ದು ಈ ಹಬ್ಬಕ್ಕೊಂದು ಪೇಚು ತಂದಿದೆ. ಹಾವೇರಿ ಜಿಲ್ಲೆಯ ಬಹಳಷ್ಟು ಮುಂಗಾರಿ ಹೊಲಗಳಲ್ಲಿ ಈಗ ಗೋವಿನಜೋಳ. ಜೂನ್‌ನಲ್ಲಿ ಬಿತ್ತಿದ್ದು ಸುಮಾರು ನಾಲ್ಕು ತಿಂಗಳಿಗೆ ಬಲಿಯುತ್ತದೆ. ಶೀಗಿ ತಡವಾದ ವರ್ಷ ತೆನೆ ಒಣಗಿ ನಿಂತಿರುತ್ತದೆ, ಕೆಲವೆಡೆ ಮುರಿದೂ ಆಗಿರುತ್ತದೆ. ಹೆತ್ತ ಮೇಲೆ ಕುಬಸವೇ? ಅಂಥವರು ಬದುವಿನ ತೊಗರಿ ಸಾಲಿನ ಮುಂದೋ ಪಕ್ಕದ ಹತ್ತಿಯ ಮುಂದೋ ಕಲ್ಲಿಡುವುದನ್ನು ಕಂಡಿದ್ದೇನೆ.

ಹಾನಗಲ್ಲಿನಿಂದ ಸೊರಬದ ಕಡೆ ಹೊರಳಿದರೆ ಇದೇ ದಿನ ಭೂಮಿ ಹುಣ್ಣಿಮೆಯಾಗುತ್ತದೆ. ಅಲ್ಲಿ ಎಡೆ ಒಯ್ಯುವ ‘ಭೂಮಣ್ಣಿ ಬುಟ್ಟಿ’ಗೆ ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಇತ್ತ ಸವಣೂರಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳಕ್ಕೆ ಬೇರೆಯೇ ಸರದಿಯುಂಟು. ರಜೆ ಸಿಗದೆ ಶೀಗಿಗೆ ಊರಿಗೆ ಹೋಗಲಾಗದವರು ಡಿಸೆಂಬರ್‌ನಲ್ಲೋ ಜನವರಿಯಲ್ಲೋ ಬರುವ ಎಳ್ಳಮಾವಾಸ್ಯೆಗಾದರೂ ಹೋಗಿಬರಬಹುದು. ಆಗಲೂ ಚರಗ ಚೆಲ್ಲುತ್ತಾರೆ, ಸಜ್ಜೆ ರೊಟ್ಟಿ ಇರುತ್ತದೆ.